ಮನೆ ಕಥೆ ಉಳಿಸ್ಕೊಳ್ಳೋದು ಹೇಗೆ? ಕೊಡಗಿನ ಕುಟುಂಬಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆ ಇದ್ದ ನಮ್ಮ ದೊಡ್ಡಪ್ಪನ ಮನೆ ಹೋಯ್ತು. ಜನ ಎಲ್ಲಾ ಉಳಿದ್ರು, ಅದೇ ದೊಡ್ಡದು. ಆದ್ರೆ ಅಟ್ಟದ ಮೇಲೆ ಒಂದು ಹಸಿರು ಟ್ರಂಕ್ ಇತ್ತು, ಅದ್ರಲ್ಲಿ ಅಜ್ಜನ ಮಿಲಿಟರಿ ಡಿಸ್ಚಾರ್ಜ್ ಪುಸ್ತಕ, ಹಳೇ ಕಂದಾಯ ರಸೀದಿಗಳು, ಒಂದು ಕಟ್ಟು ಓಲೆಗರಿ, ಮದುವೆ ಫೋಟೋಗಳು ಎಲ್ಲಾ ಇದ್ವು, ಅದು ಮಣ್ಣಡಿ ಹೋಯ್ತು. ಪರಿಹಾರ ಕೇಂದ್ರದಲ್ಲಿ ಚಾಪೆ ಮೇಲೆ ಕೂತಿದ್ದ ದೊಡ್ಡಪ್ಪ ನನ್ನ ನೋಡಿದ ಕೂಡ್ಲೆ ಕೇಳಿದ್ದು ದನದ ಬಗ್ಗೆ ಅಲ್ಲ, ತೋಟದ ಬಗ್ಗೆನೂ ಅಲ್ಲ, "ಆ ಓಲೆಗರಿ ಯಾರಾದ್ರೂ ಓದಿ ಬರ್ದಿಟ್ಟಿದ್ರಾ?" ಅಂತ. ಯಾರೂ ಬರ್ದಿರ್ಲಿಲ್ಲ. ಎರಡು ವರ್ಷ ಬಿಟ್ಟು ದೊಡ್ಡಪ್ಪನೂ ಹೋದ್ರು.

ಅವತ್ತಿಂದ ನಾನು ನಮ್ಮ ಮನೆ ಕಥೆ ಸೇರಿಸೋಕೆ ಶುರು ಮಾಡಿದ್ದು, ತಪ್ಪು ಮಾಡ್ತಾ ಮಾಡ್ತಾ ಕಲ್ತಿದ್ದು. ನಾವು ಅರೆಭಾಷೆ (ಕನ್ನಡದ್ದೇ ಒಂದು ಒಳನುಡಿ) ಮಾತಾಡೋ ಗೌಡ್ರು, ಘಟ್ಟದ ಕೆಳಗಿಂದ ಬಂದವರು. ಆದ್ರೆ ಇಲ್ಲಿ ಬರ್ದಿರೋದು ಕೊಡವರಿಗೂ, ವಿರಾಜಪೇಟೆಯ ಕೊಂಕಣಿ ಕ್ರೈಸ್ತರಿಗೂ, ಮಲಬಾರಿಂದ ಬಂದ ಮಾಪಿಳ್ಳೆ ಮುಸ್ಲಿಮರ ಮನೆಗಳಿಗೂ, ತೋಟದ ಲೈನಲ್ಲಿ (ಕೆಲಸಗಾರರ ಸಾಲುಮನೆ) ಮೂರು ತಲೆಮಾರು ಕಳ್ದಿರೋ ತಮಿಳು ಕುಟುಂಬಗಳಿಗೂ ಆಗತ್ತೆ, ಯಾಕಂದ್ರೆ ಈ ಜಿಲ್ಲೇಲಿ ಎಷ್ಟೋ ಮನೆಗೆ "ನಾವು ಬಂದ ದಾರಿ" ಅಂತ ಒಂದು ಕಥೆ ಇದ್ದೇ ಇರತ್ತೆ.

ಮೊದಲು ಅಜ್ಜಿ, ಆಮೇಲೆ ಆಫೀಸು

ಎಲ್ಲರೂ ಮಾಡೋ ತಪ್ಪು ಏನಂದ್ರೆ ಮೊದಲೇ ತಾಲೂಕು ಆಫೀಸಿಗೆ ಓಡೋದು, ಇಲ್ಲಾ ಇಂಟರ್ನೆಟ್ಟಲ್ಲಿ ಮನೆ ಹೆಸರು ಹಾಕಿ ಹುಡ್ಕೋದು. ರೆಕಾರ್ಡ್ ರೂಮಿನ ಕಾಗದ ಮುಂದಿನ ವರ್ಷನೂ ಅಲ್ಲೇ ಇರತ್ತೆ, 85 ವರ್ಷದ ಅತ್ತೆ ಇರ್ತಾರೆ ಅಂತ ಹೇಳೋಕಾಗಲ್ಲ. ಹಾಗಾಗಿ ಇವತ್ತೇ ಒಂದು ನೋಟ್‌ಬುಕ್ ತಗೊಂಡು ಕುಟುಂಬದಲ್ಲಿ 70 ದಾಟಿದವರು ಯಾರ್ಯಾರು ಇದ್ದಾರೆ, ಯಾವ ಊರಲ್ಲಿದ್ದಾರೆ, ಕಿವಿ ಕೇಳತ್ತಾ, ನೆನಪು ಹೇಗಿದೆ ಅಂತ ಬರ್ಕೊಳ್ಳಿ. ಅದ್ರಲ್ಲಿ ಆರೋಗ್ಯ ಸರಿಯಿಲ್ಲದವರ ಮನೆಗೆ ಮೊದಲು ಹೋಗಿ. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳನ್ನ ಖಂಡಿತ ಬಿಡ್ಬೇಡಿ. ಗಂಡಸರಿಗೆ ಜಾಗದ ಗಡಿ ನೆನಪಿರತ್ತೆ, ಯಾರಿಗೆ ಯಾರು ಏನಾಗ್ಬೇಕು, ಯಾವ ವರ್ಷ ಯಾವ ಮಗು ತೀರ್ಕೊಂಡಿತು, ಯಾವ ಹರಕೆ ಯಾಕೆ ಹೊತ್ತಿದ್ದು ಅನ್ನೋದು ಹೆಂಗಸರಿಗೆ ನೆನಪಿರತ್ತೆ. ಇದು ನಾನು ಇಪ್ಪತ್ತಕ್ಕೂ ಹೆಚ್ಚು ಜನರನ್ನ ಮಾತಾಡಿಸಿ ಕಂಡುಕೊಂಡದ್ದು.

ಯಾವಾಗ ಹೋಗೋದು? ಕಾಫಿ ಕೊಯ್ಲು ಟೈಮಲ್ಲಿ ಹೋದ್ರೆ ಯಾರಿಗೂ ಪುರುಸೊತ್ತಿರಲ್ಲ. ನನ್ನ ಪ್ರಕಾರ ಆಟಿ ತಿಂಗಳೇ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಬೆಸ್ಟ್, ಕೊಡವರು ಕಕ್ಕಡ ಅಂತಾರಲ್ಲ ಅದು. ಹೊರಗೆ ಮಳೆ, ಕೆಲಸ ಕಮ್ಮಿ, ಎಲ್ಲರೂ ಒಲೆ ಹತ್ರನೇ ಇರ್ತಾರೆ. ನಾನು ನಮ್ಮಜ್ಜಿಯ ಮಾತು ರೆಕಾರ್ಡ್ ಮಾಡಿದ್ದು ಆಟಿ 18ರಂದು, ಮದ್ದುಸೊಪ್ಪಿನ ಪಾಯಸ ಒಲೆ ಮೇಲಿತ್ತು, ಅಜ್ಜಿ ಕಣಿಲೆ (ಎಳೆ ಬಿದಿರು) ಹೆಚ್ಚುತ್ತಾ ಕೂತಿದ್ರು. ಮೊದಲು ಸುಮ್ನೆ "ಅಜ್ಜಿ, ನಮ್ಮ ಮನೆ ಇತಿಹಾಸ ಹೇಳಿ" ಅಂದೆ. "ನಂಗೆಂತ ಗೊತ್ತುಟ್ಟು ಮಗಾ, ನಾನು ಶಾಲೆಗೆ ಹೋದವಳಾ" ಅಂದ್ರು, ಅಲ್ಲಿಗೆ ಮಾತು ಮುಗೀತು. ಹತ್ತು ನಿಮಿಷ ಬಿಟ್ಟು "ನೀವು ಮದುವೆಯಾಗಿ ಈ ಮನೆಗೆ ಬಂದಾಗ ಉಪ್ಪು ಎಲ್ಲಿಂದ ತರ್ತಿದ್ರು?" ಅಂತ ಕೇಳಿದೆ ನೋಡಿ, ಅಜ್ಜಿ ಕತ್ತಿ ಕೆಳಗಿಟ್ಟು ಒಂದೂವರೆ ಗಂಟೆ ಮಾತಾಡಿದ್ರು. ಎತ್ತಿನ ಮೇಲೆ ಹೇರಿ ತರೋದು, ದಾರೀಲಿ ಎಲ್ಲಿ ತಂಗೋದು, ಯಾರ ಮನೇಲಿ ಊಟ, ಆ ಮನೆಯವ್ರು ನಮಗೆ ಹೇಗೆ ಸಂಬಂಧ, ಹಾಗೇ ಹೋಗ್ತಾ ಹೋಗ್ತಾ ನಮ್ಮ ಹಿರಿಯರು ಘಟ್ಟ ಹತ್ತಿದ ಕಥೆಗೆ ತಾನಾಗೇ ಬಂತು.

ಅಂದ್ರೆ ಪ್ರಶ್ನೆ ಚಿಕ್ಕದಿರ್ಬೇಕು, ಕೈಗೆ ಸಿಗೋ ವಸ್ತುವಿನ ಬಗ್ಗೆ ಇರ್ಬೇಕು. ಮದುವೆ ದಿಬ್ಬಣ ಯಾವ ದಾರೀಲಿ ಬಂತು, ಮನೇಲಿ ಮೊದಲ ಹೆಂಚು ಹಾಕಿದ್ದು ಯಾರ ಕಾಲದಲ್ಲಿ, ಯಾವ ಹೊಳೆ ದಾಟಬೇಕಿತ್ತು, ಯಾರ ಹೆಸರನ್ನ ನಿಮಗಿಟ್ರು, ಯಾವ ದೇವರಿಗೆ ಮುಡಿಪು ಕಟ್ತಿದ್ರು, ಯಾವ ಮನೆ ಜೊತೆ ಹೆಣ್ಣು ಕೊಟ್ಟು ತರೋದು ನಿಲ್ಲಿಸಿದ್ರು, ಯಾಕೆ. ಆಮೇಲೆ ಸುಮ್ನೆ ಕೂತ್ಕೊಳ್ಳಿ. ಹಿರಿಯರು ಮಾತು ನಿಲ್ಲಿಸಿದ್ರೆ ಕಥೆ ಮುಗೀತು ಅಂತಲ್ಲ, ಯೋಚಿಸ್ತಿರ್ತಾರೆ, ನಾವು ಮಧ್ಯ ಬಾಯಿ ಹಾಕಿ "ಹೌದಾ ಹಾಗಾದ್ರೆ ಅದು 1920 ಇರ್ಬೇಕು" ಅಂದ್ಬಿಟ್ರೆ ಅವರು ಹ್ಞೂಂ ಅಂದ್ಬಿಡ್ತಾರೆ, ಕಥೆ ಅಲ್ಲೇ ಹಾಳು.

ರೆಕಾರ್ಡಿಂಗ್ ಬಗ್ಗೆ. ದುಬಾರಿ ಮೈಕ್ ಏನೂ ಬೇಡ, ಮೊಬೈಲ್ ಸಾಕು, ಆದ್ರೆ ಫ್ಲೈಟ್ ಮೋಡಲ್ಲಿ ಹಾಕಿ, ಇಲ್ಲಾಂದ್ರೆ ಸರಿಯಾದ ಹೊತ್ತಿಗೆ ಫೋನ್ ಬರತ್ತೆ. ಶೀಟಿನ ಮಾಡು ಇದ್ರೆ ಮಳೆ ಸದ್ದಿಗೆ ಒಂದಕ್ಷರನೂ ಕೇಳಲ್ಲ, ಹೆಂಚಿನ ಕೆಳಗೆ ಅಥವಾ ಒಳಕೋಣೇಲಿ ಕೂರಿಸಿ. ಫೋನನ್ನ ಅವರ ಬಾಯಿಂದ ಒಂದು ಮೊಳ ದೂರದಲ್ಲಿ ಟವೆಲ್ ಮೇಲಿಡಿ, ಬರೀ ಟೇಬಲ್ ಮೇಲಿಟ್ರೆ ಲೋಟ ಇಟ್ಟ ಸದ್ದೆಲ್ಲ ಬರತ್ತೆ. ಶುರುವಲ್ಲೇ ತಾರೀಕು, ಊರು, ಯಾರು ಮಾತಾಡ್ತಿದ್ದಾರೆ, ಯಾರು ಕೇಳ್ತಿದ್ದಾರೆ ಅಂತ ಬಾಯಲ್ಲೇ ಹೇಳಿ. ಅವರು ಯಾವ ಭಾಷೇಲಿ ಮಾತಾಡ್ತಾರೋ ಅದೇ ಭಾಷೇಲಿ ಬಿಡಿ. ಅರೆಭಾಷೆ, ಕೊಡವ ತಕ್ಕ್, ಕೊಂಕಣಿ, ಬ್ಯಾರಿ, ತುಳು ಯಾವುದಾದ್ರೂ ಸರಿ, ನೀಟಾಗಿ ಕನ್ನಡದಲ್ಲಿ ಹೇಳಿ ಅಂತ ಒತ್ತಾಯ ಮಾಡ್ಬೇಡಿ, ಆ ಮಾತಿನ ದಾಟಿನೇ ಅರ್ಧ ಇತಿಹಾಸ. ಮತ್ತೆ ಒಂದ್ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಸುಸ್ತಾಗ್ತಾರೆ. ಇನ್ನೊಂದು ದಿನ ಹೋಗಿ ಅದೇ ಕಥೆ ಮತ್ತೆ ಕೇಳಿ, ಎರಡನೇ ಸಲ ಹೊಸ ಹೆಸರು ಬಂದೇ ಬರತ್ತೆ.

ಅವತ್ತೇ ರಾತ್ರಿ ಆ ಫೈಲನ್ನ ಇನ್ನೊಂದು ಕಡೆ ಕಾಪಿ ಮಾಡಿ. ನನ್ನ ಚಿಕ್ಕಮ್ಮನ ಮೊದಲ ರೆಕಾರ್ಡಿಂಗ್ ಫೋನಲ್ಲೇ ಇತ್ತು, ರಿಪೇರಿಗೆ ಕೊಟ್ಟೆ, ಅಂಗಡಿಯವರು ರಿಸೆಟ್ ಮಾಡಿ ಕೊಟ್ರು. ಚಿಕ್ಕಮ್ಮ ಮತ್ತೆ ಹೇಳಿದ್ರು, ಆದ್ರೆ ಮೊದಲ ಸಲ ಅವರಮ್ಮನ ಬಗ್ಗೆ ಹೇಳ್ತಾ ಅತ್ತಿದ್ರಲ್ಲ, ಆ ಮಾತುಗಳು ಎರಡನೇ ಸಲ ಬರ್ಲೇ ಇಲ್ಲ.

ದೇವರು ಬಂದ ದಾರಿ ಹಿಡೀರಿ

ಈ ಇಡೀ ಬರಹದಲ್ಲಿ ಒಂದೇ ಒಂದು ವಿಷ್ಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ನಮ್ಮ ಹಿರಿಯರು ಯಾವ ವರ್ಷ ಬಂದ್ವಿ, ಯಾವ ಊರಿಂದ ಬಂದ್ವಿ ಅಂತ ಬರ್ದಿಡ್ಲಿಲ್ಲ. ಆದ್ರೆ ಬಿಟ್ಟು ಬಂದ ಊರಿನ ದೇವರನ್ನ, ದೈವವನ್ನ ಬಿಡ್ಲಿಲ್ಲ. ಹರಕೆ, ಕಾಣಿಕೆ, ವರ್ಷಕ್ಕೊಂದು ತಂಬಿಲ (ದೈವಕ್ಕೆ ಕೊಡೋ ಸೇವೆ), ಯಾವುದೋ ದೂರದ ದೇವಸ್ಥಾನಕ್ಕೆ ಕಳಿಸೋ ಅಕ್ಕಿ, ಇವೇ ನಮ್ಮ ವಿಳಾಸ ಪತ್ರ. ಮನೆದೇವರು ಯಾವುದು, ಆ ದೇವರ ಮೂಲಸ್ಥಾನ ಎಲ್ಲಿ, ಯಾವ ತಿಂಗಳು ಏನು ಕೊಡ್ತೀವಿ ಅಂತ ಮೂರು ಪ್ರಶ್ನೆ ಕೇಳಿದ್ರೆ ಜನ ಬಂದ ದಾರಿ ಕಾಣತ್ತೆ.

ನಮ್ಮ ಮನೇದೇ ಹೇಳ್ತೀನಿ. ನಮ್ಮ ಮನೆ ದೈವದ ಕೋಣೇಲಿ ಒಂದು ಸಣ್ಣ ಕಂಚಿನ ಗಂಟೆ ಉಂಟು, ಒಂದು ಗೇಣೂ ಇಲ್ಲ, ಅಂಚು ಒಂದು ಕಡೆ ಸವೆದು ತೆಳ್ಳಗಾಗಿದೆ, ಹಿಡಿ ಹತ್ರ ಎಣ್ಣೆ ಜಿಡ್ಡು ಕಟ್ಟಿ ಕಪ್ಪಾಗಿದೆ. ಅಜ್ಜಿ ಹೇಳಿದ್ದು ಏನಂದ್ರೆ ಹಿರಿಯರು ಘಟ್ಟ ಹತ್ತುವಾಗ ಈ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದ್ರಂತೆ, ಕಾಡಲ್ಲಿ ಸದ್ದಾಗ್ಬಾರ್ದು ಅಂತ, ದಾರಿಯುದ್ದ ನೆಲಕ್ಕೆ ಇಡ್ಬಾರ್ದು ಅಂತ ಕೈಯಿಂದ ಕೈಗೆ ಕೊಡ್ತಾ ಬಂದ್ರಂತೆ, ಇಲ್ಲಿ ಗುಡಿಸಲು ಹಾಕಿ ಮೊದಲ ದೀಪ ಇಟ್ಟ ದಿನ ಆ ಬಟ್ಟೆ ಬಿಚ್ಚಿದ್ರಂತೆ. ಆ ದೈವದ ಹೆಸರು, ಜೊತೆಗಿರೋ ಇನ್ನೊಂದು ದೈವದ ಹೆಸರು, ನಮ್ಮ ಬಳಿ (ಕುಲದ ಹೆಸರು), ಈ ಮೂರನ್ನ ಹಿಡ್ಕೊಂಡು ಸುಳ್ಯ ಕಡೆ ನೆಂಟರನ್ನ ವಿಚಾರಿಸ್ತಾ ಹೋದೆ. ನಾಲ್ಕನೇ ಊರಲ್ಲಿ ಸಿಕ್ತು. ಅಲ್ಲಿ ಸ್ಥಾನ ನೋಡ್ಕೊಳ್ಳೋ ಹಿರಿಯರು ನಾವು ಯಾರು ಅಂತ ಹೇಳಿದ್ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಘಟ್ಟ ಹತ್ತಿದವರ ಪಾಲು ಅಂತ ನಾವು ವರ್ಷ ವರ್ಷ ಒಂದು ಎಲೆ ಬೇರೆ ಹಾಕ್ತೇವೆ, ಯಾರಿಗೆ ಅಂತ ನಮಗೂ ಗೊತ್ತಿರ್ಲಿಲ್ಲ" ಅಂದ್ರು. ನಂಗೆ ಅಲ್ಲಿ ನಿಲ್ಲೋಕಾಗ್ಲಿಲ್ಲ, ಹೊರಗೆ ಬಂದು ಜಗಲಿ ಮೇಲೆ ಕೂತೆ.

ಇದು ನಮ್ಮೊಬ್ಬರ ಮನೆ ಮಾತಲ್ಲ. ಕಣ್ಣೂರು ಜಿಲ್ಲೆ ಪಯ್ಯಾವೂರಿನ ದೇವಸ್ಥಾನದ ಊಟ್ಟು ಉತ್ಸವಕ್ಕೆ ಇವತ್ತಿಗೂ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಹೇರ್ಕೊಂಡು ಹೋಗ್ತಾರೆ, ಗಡಿ ರಾಜ್ಯ ಎಲ್ಲ ಬದಲಾದ್ರೂ ಆ ಎತ್ತಿನ ದಾರಿ ಬದಲಾಗಿಲ್ಲ. ಕೊಡವರ ದೇವರು ಇಗ್ಗುತ್ತಪ್ಪ ಮತ್ತವನ ಒಡಹುಟ್ಟಿದವರು ಮಲಬಾರ್ ಕಡೆಯಿಂದ ಬಂದ ಕಥೆ ಕೊಡವ ಹಾಡಲ್ಲಿದೆ. ಮಡಿಕೇರೀಲಿ ಮುತ್ತಪ್ಪನ ಗುಡಿ ಇದೆ ಅಂದ್ರೆ ಮುತ್ತಪ್ಪನ ಮೂಲಸ್ಥಾನ ಇರೋ ಕಣ್ಣೂರಿನ ಪರಶಿನಿಕಡವಿನ ಕಡೆಯ ಜನ ಇಲ್ಲಿ ನೆಲೆ ನಿಂತಿದ್ದಾರೆ ಅಂತ. ತೋಟದ ಲೈನ್ ಪಕ್ಕ ಮಾರಿಯಮ್ಮನ ಕಲ್ಲಿದ್ರೆ ಅದನ್ನ ನಟ್ಟವರು ಯಾರು, ಯಾವ ಊರಿನ ಮಾರಿಯಮ್ಮ ಅಂತ ಕೇಳಿ. ಕೂಲಿಯವರನ್ನ ಕರ್ಕೊಂಡು ಬರ್ತಿದ್ದ ಮೇಸ್ತ್ರಿ ಜೊತೆ ಯಾವ ಊರಿಂದ ಎಷ್ಟು ಜನ ಬಂದ್ರು ಅನ್ನೋ ಕಥೆ ಅಲ್ಲಿಂದಾನೇ ಬಿಚ್ಚಿಕೊಳ್ಳತ್ತೆ. ಈ ಕುಟುಂಬಗಳ ಹೆಸರಲ್ಲಿ ಪಟ್ಟೆಯೂ (ಜಾಗದ ಹಕ್ಕುಪತ್ರ) ಇಲ್ಲ ಐನ್‌ಮನೆಯೂ (ಕುಟುಂಬದ ಮೂಲ ಮನೆ) ಇಲ್ಲ, ಆ ಕಲ್ಲೇ ಅವರ ದಾಖಲೆ, ಆದ್ರಿಂದ ಅವರು ಇನ್ನೂ ಬೇಗ ಬರ್ದಿಡ್ಬೇಕು.

ವಿರಾಜಪೇಟೆ ಕಡೆ ಕ್ರೈಸ್ತ ಮನೆಗಳಲ್ಲಿ ಕಥೆ ಇನ್ನೂ ಗಟ್ಟಿಯಾಗಿ ಉಳಿದಿದೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರ್ಕೊಂಡು ಹೋದದ್ದು, ಅಲ್ಲಿಂದ ತಪ್ಪಿಸ್ಕೊಂಡು ಬಂದವರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟದ್ದು, 1792ರಲ್ಲಿ ಸಂತ ಅನ್ನಮ್ಮನ ಚರ್ಚ್ ಆದದ್ದು. ಇದು ಎಲ್ಲರಿಗೂ ಗೊತ್ತಿರೋ ಕಥೆ. ನೀವು ಬರೀಬೇಕಾದ್ದು ಅದ್ರೊಳಗೆ ನಿಮ್ಮ ಮನೆ ಎಲ್ಲಿತ್ತು ಅಂತ. ಮೂಲ ಊರು ಯಾವುದು, ಯಾವ ಜಪ ಮನೇಲಿ ಕೊಂಕಣೀಲೇ ಹೇಳ್ತಾ ಬಂದ್ರು, ಯಾವ ಶಿಲುಬೆ ಯಾರ ಕೊರಳಲ್ಲಿ ಬಂತು. ಹಾಗೇ ಅಮ್ಮತ್ತಿ ಹತ್ರದ ಆನಂದಪುರ, 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಕಾಲದಲ್ಲಿ ಆದ ಊರು. ಅಲ್ಲಿನ ಮನೆತನಗಳಿಗೆ ಮತ ಬದಲಾದ ಕಥೆ, ಜಾಗ ಬದಲಾದ ಕಥೆ ಎರಡೂ ಒಂದೇ. ಮಾಪಿಳ್ಳೆ ಮನೆಗಳಲ್ಲಿ ಯಾವ ಮಖಾಮಿಗೆ (ಸಂತರ ಗೋರಿ) ನೇರ್ಚೆ (ಹರಕೆ) ಹೇಳ್ತಾರೆ, ಮದುವೆ ಮಾತುಕತೆಗೆ ಯಾವ ಊರಿನ ಉಸ್ತಾದರನ್ನ ಕರೀತಿದ್ರು ಅಂತ ಕೇಳಿ, ಎಮ್ಮೆಮಾಡಿನ ಉರೂಸಿಗೆ ಬರೋ ದೂರದ ನೆಂಟರನ್ನ ಅಲ್ಲೇ ಹಿಡೀರಿ.

ಗುರುಕಾರೋಣರಿಗೆ, ಅಂದ್ರೆ ತೀರ್ಕೊಂಡ ಹಿರಿಯರಿಗೆ, ಬಡಿಸೋ ದಿನ ಹಿರಿಯರೆಲ್ಲ ಒಂದೇ ಕಡೆ ಇರ್ತಾರೆ. ಕೈಮಡದ (ಹಿರಿಯರ ಗುಡಿ) ಹತ್ರ ಮೀದಿ (ಹಿರಿಯರಿಗೆ ಇಡೋ ಎಡೆ) ಇಡೋ ಮುಂಚೆ ಯಾರಿಗೆ ಇಡ್ತಿದ್ದೀವಿ, ಅವರು ಯಾರ ಮಗ, ಯಾಕೆ ಅವರಿಗೆ ಮಾತ್ರ ಬೇರೆ ಎಲೆ ಅಂತ ಕೇಳಿ. ಆದ್ರೆ ಪೂಜೆ ನಡೀವಾಗ ಮೊಬೈಲ್ ಮುಂದಿಡ್ಬೇಡಿ, ಮೊದಲೇ ಹಿರಿಯರ ಒಪ್ಪಿಗೆ ತಗೊಳ್ಳಿ. ಕೊಡವ ಮನೆಗಳಾದ್ರೆ ಒಕ್ಕದ (ಮನೆತನದ) ಕೊರವುಕಾರರನ್ನ, ಅಂದ್ರೆ ಹಿರಿಯ ಯಜಮಾನರನ್ನ, ಕೇಳದೆ ಶುರು ಮಾಡ್ಲೇಬೇಡಿ.

ಹಾಡು ಬರೋರು ಇದ್ರೆ ಅದನ್ನ ಮೊದಲು ರೆಕಾರ್ಡ್ ಮಾಡಿ. ಬಯಲುಸೀಮೇಲಿ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳ್ತಾರಲ್ಲ, ನಮ್ಮಲ್ಲಿ ಆ ಕೆಲಸದ ಒಂದು ಪಾಲನ್ನ ದುಡಿಕೊಟ್ಟ್ ಪಾಟ್ (ದುಡಿ ಬಡಿದು ಹೇಳೋ ಕೊಡವ ಹಾಡು) ಮಾಡ್ತಿತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಾರರ ಬಾಯಿಂದ ಕೇಳಿ ಬರ್ಕೊಂಡು 1924ರಲ್ಲಿ ಪಟ್ಟೋಲೆ ಪಳಮೆ ಅನ್ನೋ ಕೊಡವ ಹಾಡುಗಳ ಪುಸ್ತಕ ಅಚ್ಚು ಹಾಕಿಸಿರ್ದಿದ್ರೆ ಎಷ್ಟು ಹಾಡು ಹಾಡುಗಾರರ ಜೊತೇಲೇ ಹೋಗ್ಬಿಡ್ತಿತ್ತೋ. ಅವರ ಹತ್ರ ಮೊಬೈಲ್ ಇರ್ಲಿಲ್ಲ, ನಮ್ಮ ಹತ್ರ ಇದೆ.

ಇಸವಿ ಕಟ್ಟೋದು

ಹಿರಿಯರಿಗೆ ಇಸವಿ ನೆನಪಿರಲ್ಲ, ಘಟನೆ ನೆನಪಿರತ್ತೆ. ಆದ್ರಿಂದ ನಿಮ್ಮ ಹತ್ರ ಒಂದು ಗೂಟದ ಪಟ್ಟಿ ಇರ್ಲಿ, ಅದಕ್ಕೆ ಕಥೆ ಕಟ್ಟಿ. 1834 ಕೊಡಗಿನ ರಾಜರ ಆಳ್ವಿಕೆ ಮುಗಿದು ಕಂಪನಿ ಸರ್ಕಾರ ಬಂದದ್ದು. 1837 ಕಲ್ಯಾಣಪ್ಪನ ಕಾಟಕಾಯಿ (ಬ್ರಿಟಿಷರ ವಿರುದ್ಧ ನಡೆದ ದಂಗೆ), ಗುಡ್ಡೆಮನೆ ಅಪ್ಪಯ್ಯ ಗೌಡರನ್ನ ಅಕ್ಟೋಬರ್ 31ಕ್ಕೆ ಮಡಿಕೇರಿ ಕೋಟೇಲಿ ಗಲ್ಲಿಗೇರಿಸಿದ್ದು. 1850ರ ದಶಕ ಬಿಳಿಯರ ಕಾಫಿ ತೋಟಗಳು ಶುರುವಾದದ್ದು. 1918 ಇನ್‌ಫ್ಲೂಯೆಂಜಾ ಜ್ವರ. 1924 ಕಾವೇರಿ ದೊಡ್ಡ ಪ್ರವಾಹ. ಎರಡು ಮಹಾಯುದ್ಧ. 1956 ನವೆಂಬರ್ 1 ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು. "ಅಜ್ಜ ಹುಟ್ಟಿದ್ದು ದೊಡ್ಡ ಬೊಳ್ಳದ (ಪ್ರವಾಹದ) ಮೊದಲಾ ಆಮೇಲಾ?" ಅಂದ್ರೆ ಉತ್ತರ ಸಿಗತ್ತೆ, "ಯಾವ ಇಸವಿ" ಅಂದ್ರೆ ಸಿಗಲ್ಲ.

ಇದ್ರಲ್ಲಿ ನಮ್ಮಂಥ ಮನೆಗಳಿಗೆ 1834 ತುಂಬಾ ಮುಖ್ಯ. ಅಲ್ಲಿವರೆಗೆ ಅಮರ ಸುಳ್ಯ ಕೊಡಗು ರಾಜ್ಯದ್ದೇ ಭಾಗ, ಆಮೇಲೆ ಬ್ರಿಟಿಷರು ಅದನ್ನ ಮದ್ರಾಸ್ ಸರ್ಕಾರದ ಕೆಳಗಿದ್ದ ದಕ್ಷಿಣ ಕನ್ನಡಕ್ಕೆ ಸೇರಿಸಿದ್ರು. ಅಂದ್ರೆ ರಾಜರ ಕಾಲದಲ್ಲಿ ಘಟ್ಟ ಹತ್ತಿದವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಲ್ಲ, ಒಂದೇ ರಾಜ್ಯದೊಳಗೆ ಓಡಾಡಿದವರು. ಆಮೇಲೆ ಹತ್ತಿದವರ ಮೂಲ ಊರಿನ ಕಾಗದ ಮಾತ್ರ ಮದ್ರಾಸ್ ಸರ್ಕಾರದ ದಫ್ತರದಲ್ಲಿರತ್ತೆ. ಎಲ್ಲಿ ಹುಡುಕ್ಬೇಕು ಅನ್ನೋದು ಇದ್ರ ಮೇಲೇ ನಿಂತಿದೆ.

ಕಾಗದ ಎಲ್ಲೆಲ್ಲಿ ಸಿಗತ್ತೆ

ಮನೆಯಲ್ಲೇ ಶುರು ಮಾಡಿ. ಕಂದಾಯ ರಸೀದಿ, ಜಮ್ಮಾ ಸನದು (ಕೊಡಗಿನ ವಂಶಪಾರಂಪರ್ಯ ಜಾಗದ ಪತ್ರ), ಪಾಲುಪಟ್ಟಿ, ಮದುವೆ ಕಾಗದ, ಶಾಲೆ ಸರ್ಟಿಫಿಕೇಟು, ಮಿಲಿಟರಿ ಪುಸ್ತಕ, ಪಂಚಾಂಗದ ಅಂಚಲ್ಲಿ ಗೀಚಿರೋ ಜನನ ಮರಣ. ಪಂಚಾಂಗ ಯಾರೂ ನೋಡಲ್ಲ, ನಮ್ಮ ಮನೇಲಿ ಎಮ್ಮೆ ಕರು ಹಾಕಿದ್ದು, ಅತ್ತೆ ಹುಟ್ಟಿದ್ದು ಎರಡೂ ಒಂದೇ ಪುಟದಲ್ಲಿ ಸಿಕ್ತು.

ಆಮೇಲೆ ಪಹಣಿ. ಜಮ್ಮಾ ಜಾಗದ ಪಹಣೀಲಿ ಎಷ್ಟೋ ತಲೆಮಾರು ಹಿಂದೆ ತೀರ್ಕೊಂಡ ಪಟ್ಟೆದಾರರ ಹೆಸರು ಹಾಗೇ ಕೂತಿರತ್ತೆ, ಸಾಲ ತಗೊಳ್ಳೋಕೆ ಹೋದಾಗ ಅದು ತಲೆನೋವು ನಿಜ, ಆದ್ರೆ ವಂಶ ಹುಡುಕೋರಿಗೆ ಚಿನ್ನ. ತಾಲೂಕು ಕಛೇರಿ ರೆಕಾರ್ಡ್ ರೂಮಲ್ಲಿ ಹಳೇ ಕೈಬರಹದ ದಾಖಲೆಗೆ ಅರ್ಜಿ ಹಾಕಿ ನಕಲು ತಗೊಳ್ಳಿ, ಹೋಗೋ ಮೊದಲು ಗ್ರಾಮದ ಹಳೇ ಹೆಸರು, ಸರ್ವೆ ನಂಬರ್, ನಾಡಿನ ಹೆಸರು ಬರ್ಕೊಂಡೇ ಹೋಗಿ. ಸಿಬ್ಬಂದಿ ಜೊತೆ ತಾಳ್ಮೆಯಿಂದ ಮಾತಾಡಿ, ಎರಡು ಮೂರು ಸಲ ಓಡಾಡ್ಬೇಕಾಗತ್ತೆ.

ಚರ್ಚಲ್ಲಿ ಜ್ಞಾನಸ್ನಾನ, ಮದುವೆ, ಮರಣ ಮೂರಕ್ಕೂ ಬೇರೆ ಬೇರೆ ರಿಜಿಸ್ಟರ್ ಇರತ್ತೆ, ಹಳೇದು ಲ್ಯಾಟಿನ್ನಲ್ಲಿ ಇರಬಹುದು, ಹೆದರ್ಬೇಡಿ, ಹೆಸರು ಮತ್ತು ತಾರೀಕು ಗುರುತು ಹಿಡಿಯೋಕೆ ಅರ್ಧ ದಿನ ಸಾಕು. ಜ್ಞಾನಸ್ನಾನದಲ್ಲಿ ದೇವಮಾತಾಪಿತರ (ಗಾಡ್‌ಪೇರೆಂಟ್ಸ್) ಹೆಸರು ಬರ್ದಿರ್ತಾರೆ, ಅವರು ಸಾಮಾನ್ಯ ಹತ್ತಿರದ ನೆಂಟರೇ, ಅದನ್ನೂ ನಕಲು ಮಾಡ್ಕೊಳ್ಳಿ. ಮಸೀದಿಯ ಜಮಾಅತ್‌ಗಳಲ್ಲಿ ನಿಕಾಹ್ (ಮದುವೆ) ರಿಜಿಸ್ಟರ್ ಕೇಳಿ, ಮನೇಲಿರೋ ಹಳೇ ಪುಸ್ತಕ ಅರಬಿ ಮಲಯಾಳಂ ಲಿಪೀಲಿ ಇದ್ರೆ ಓದಬಲ್ಲ ಹಿರಿಯ ಉಸ್ತಾದರಿಗೆ ತೋರ್ಸಿ. ಶಾಲೆ ದಾಖಲಾತಿ ಪುಸ್ತಕನೂ ಮರೀಬೇಡಿ. ಸಮಾಧಿ ಕಲ್ಲುಗಳಿದ್ರೆ ಬೆಳಿಗ್ಗೆ ಎಳೆಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೀರಿ, ಸವೆದ ಅಕ್ಷರನೂ ಏಳತ್ತೆ, ಸುಣ್ಣ ಸೀಮೆಸುಣ್ಣ ಉಜ್ಜೋದು ಬೇಡ.

ಇನ್ನೂ ಮುಂದೆ ಹೋಗೋರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇದೆ, ಮದ್ರಾಸ್ ಕಾಲದ ದಕ್ಷಿಣ ಕನ್ನಡ, ಮಲಬಾರ್ ಕಾಗದಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ ಇದೆ, ಬಾಸೆಲ್ ಮಿಶನ್ನಿನ ಹಳೇ ಫೋಟೋಗಳು ಆನ್‌ಲೈನಲ್ಲೇ ನೋಡಬಹುದು. ರಿಕ್ಟರ್ 1870ರಲ್ಲಿ ಬರ್ದ ಕೊಡಗಿನ ಕೈಪಿಡಿ ಇಂಟರ್ನೆಟ್ ಆರ್ಕೈವಲ್ಲಿ ಪುಕ್ಕಟೆ ಸಿಗತ್ತೆ, ಆದ್ರೆ ಅದು ಪಾದ್ರಿಯೊಬ್ಬರ ಕಣ್ಣಲ್ಲಿ ಕಂಡ ಕೊಡಗು ಅನ್ನೋದು ನೆನಪಿರ್ಲಿ. ಮಡಿಕೇರೀಲಿ ಕೊಡವ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಇದಾವೆ, ಅಲ್ಲಿ ಪುಸ್ತಕ, ಓದಿಕೊಂಡ ಜನ ಎರಡೂ ಸಿಗತ್ತೆ.

ಹೆಸರು ಹೆಣೆಯೋದು

ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ, ಆದ್ರಿಂದ ಒಂದೇ ಹೆಸರಿನ ನಾಲ್ಕು ಜನ ಸಿಕ್ಕೇ ಸಿಗ್ತಾರೆ. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ, ಪಕ್ಕದಲ್ಲಿ ಅಡ್ಡಹೆಸರು ಬರೀರಿ, ಕುಂಟ ಅಜ್ಜ, ಪಟೇಲ ಅಜ್ಜ, ಬರ್ಮಾ ಅಜ್ಜ, ಹೀಗೆ. ಕೊಡವ ಹೆಸರಲ್ಲಿ ಮೊದಲು ಮನೆ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೆಗೆ ಅವರದ್ದು ಬರತ್ತೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂದ್ರೆ ಕೊಡಂದೇರ ಒಕ್ಕದ ಮಾದಪ್ಪನವರ ಮಗ ಕಾರ್ಯಪ್ಪ ಅಂತ. ಬರೀ ಇನಿಶಿಯಲ್ ಬರ್ದಿಟ್ರೆ ನಾಳೆ ಯಾರಿಗೂ ಅರ್ಥ ಆಗಲ್ಲ, ಪೂರ್ತಿ ಬಿಡಿಸಿ ಬರೀರಿ.

ಹೆಣ್ಣುಮಕ್ಕಳ ವಿಷ್ಯ ಕೈ ಮುಗಿದು ಹೇಳ್ತೀನಿ. ನಾನು ನೋಡಿದ ವಂಶವೃಕ್ಷಗಳಲ್ಲಿ ಬಹಳಷ್ಟು ಗಂಡಸರ ಹೆಸರಿನ ಸಾಲು, ಹೆಂಡತಿ ಹೆಸರೂ ಇಲ್ಲ, ಮದುವೆಯಾಗಿ ಹೋದ ಮಗಳ ಹೆಸರೂ ಇಲ್ಲ. ನೀವು ಹಾಗೆ ಮಾಡ್ಬೇಡಿ. ಹೆಸರು, ತವರುಮನೆ, ತವರಿನ ಊರು, ಮೂರೂ ಬರೀರಿ. ವಲಸೆ ಕಥೇಲಿ ಅವರದ್ದೇ ದೊಡ್ಡ ವಲಸೆ, ಒಂದು ಮನೆಯಿಂದ ಇನ್ನೊಂದು ಮನೆಗೆ ದೇವರು, ಅಡುಗೆ, ಹಾಡು, ಬೀಜ ಎಲ್ಲಾ ಹೊತ್ಕೊಂಡು ಬಂದವರು ಅವರು.

ಇನ್ನು, ಬರೀವಾಗ ಎರಡು ಬಣ್ಣದ ಪೆನ್ನು, ಒಂದು ಪೆನ್ಸಿಲ್ ಇಟ್ಕೊಳ್ಳಿ. ಕಾಗದದಲ್ಲಿ ಕಣ್ಣಾರೆ ಕಂಡದ್ದು ನೀಲಿ, ಹಿರಿಯರು ಬಾಯಲ್ಲಿ ಹೇಳಿದ್ದು ಹಸಿರು, ನಮ್ಮ ಊಹೆ ಪೆನ್ಸಿಲ್ಲಲ್ಲಿ. ಯಾರು ಹೇಳಿದ್ದು, ಯಾವತ್ತು ಅಂತ ಪಕ್ಕದಲ್ಲೇ ಬರೀರಿ. ಇಬ್ಬರು ಎರಡು ಥರ ಹೇಳಿದ್ರೆ ಎರಡನ್ನೂ ಬರೀರಿ, ನೀವು ಜಡ್ಜ್ ಆಗೋದು ಬೇಡ. ಮತ್ತೆ ಅಲೆಗ್ಸಾಂಡರನ ಸೈನ್ಯದಿಂದ ಬಂದವರು ನಾವು ಅಂತೆಲ್ಲ ವಾಟ್ಸಾಪಲ್ಲಿ ಬರೋದನ್ನ ಮನೆ ಪುಸ್ತಕಕ್ಕೆ ಸೇರಿಸ್ಬೇಡಿ. ಗಂಟೆ ನಾಲಿಗೆಗೆ ಬಟ್ಟೆ ಸುತ್ತಿ ಬಂದವರ ಕಥೆಗೆ ಅಲೆಗ್ಸಾಂಡರ್ ಯಾಕೆ ಬೇಕು?

ನಮ್ಮ ಮಳೇಲಿ ಕಾಗದ ಕಾಪಾಡೋದು

ಬೇರೆ ಊರಿನವ್ರು ಬರ್ದ ಸಲಹೆ ಕೊಡಗಿಗೆ ಆಗಲ್ಲ, ಇಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಬೀರೊಳಗಿನ ಬಟ್ಟೆಗೇ ಬೂಷ್ಟು ಹಿಡಿಯತ್ತೆ. ಮುಖ್ಯ ಕಾಗದ ಎಲ್ಲಾ ಬಿಗಿ ಮುಚ್ಚಳದ ಡಬ್ಬೀಲಿ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದ ಮೊದಲು ಬದಲಾಯಿಸಿ. ಡಬ್ಬೀನ ನೆಲದ ಮೇಲೆ, ಹೊರಗೋಡೆಗೆ ತಾಗ್ಸಿ ಇಡ್ಬೇಡಿ, ಗೆದ್ದಲು ಬರತ್ತೆ. ಡಿಸೆಂಬರ್ ಜನವರಿಯ ಒಣ ಹವೇಲಿ ಒಂದ್ಸಲ ತೆಗೆದು ನೆರಳಲ್ಲಿ ಗಾಳಿ ಆಡಿಸಿ, ನೇರ ಬಿಸಿಲಿಗೆ ಹಾಕಿದ್ರೆ ಶಾಯಿ ಹಾರಿಹೋಗತ್ತೆ. ಪಿನ್ನು, ಕ್ಲಿಪ್ಪು ತೆಗೆದುಬಿಡಿ, ತುಕ್ಕು ಹಿಡಿದು ಕಾಗದ ತಿನ್ನತ್ತೆ. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಲೇಬಾರ್ದು.

ಲ್ಯಾಮಿನೇಶನ್ ಮಾತ್ರ ಬೇಡವೇ ಬೇಡ. ನಾನು ಅಜ್ಜ ಅಜ್ಜಿಯ ಒಂದೇ ಒಂದು ಮದುವೆ ಫೋಟೋನ ಒಳ್ಳೇದಾಗ್ಲಿ ಅಂತ ಲ್ಯಾಮಿನೇಶನ್ ಮಾಡಿಸಿದೆ, ಬಿಸಿಗೆ ಅಜ್ಜಿ ಮುಖದ ಮೇಲೆ ಗುಳ್ಳೆ ಬಂತು, ತೆಗೆಯೋಕೆ ದಾರಿ ಇಲ್ಲ. ಮೊದಲು ಸ್ಕ್ಯಾನ್ ಮಾಡಿದ್ರೆ ಸಾಕಿತ್ತು. ಸ್ಕ್ಯಾನ್ ಮಾಡೋದಾದ್ರೆ ಕಾಗದ 300 ಡಿಪಿಐ, ಫೋಟೋ 600 ಡಿಪಿಐ, ಹಿಂದುಗಡೆನೂ ಸ್ಕ್ಯಾನ್ ಮಾಡಿ, ಸ್ಟುಡಿಯೋ ಮುದ್ರೆ, ಪೆನ್ಸಿಲ್ ಬರಹ ಇರೋದು ಅಲ್ಲೇ. ಸ್ಕ್ಯಾನರ್ ಇಲ್ಲಾಂದ್ರೆ ಕಿಟಕಿ ಹತ್ರ, ಫ್ಲಾಶ್ ಇಲ್ಲದೆ, ಮೊಬೈಲನ್ನ ನೇರ ಮೇಲಿಂದ ಹಿಡಿದು ತೆಗೀರಿ.

ಓಲೆಗರಿ ಇದ್ರೆ ನೀವೇ ನೀರು, ಸೋಪು, ಎಣ್ಣೆ ಏನೂ ಹಚ್ಚೋಕೆ ಹೋಗ್ಬೇಡಿ. ಮೆತ್ತನೆ ಬ್ರಶ್ಶಲ್ಲಿ ಧೂಳು ಹೊಡೆದು, ಇರೋ ಕ್ರಮದಲ್ಲೇ ಒಂದೊಂದು ಗರಿ ಫೋಟೋ ತೆಗೆದು, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತಿಳಿದವರನ್ನ ಕೇಳಿ. ಯಾರಿಗೂ ಮೂಲ ಕಟ್ಟು ಕೊಟ್ಟು ಬರ್ಬೇಡಿ, ಕೊಟ್ರೆ ಬರವಣಿಗೇಲಿ ರಸೀದಿ ತಗೊಳ್ಳಿ.

ನೀರಲ್ಲಿ ನೆನೆದ ಫೋಟೋಗಳು ಒಂದಕ್ಕೊಂದು ಅಂಟಿದ್ರೆ ಎಳೀಬೇಡಿ, ತಣ್ಣನೆ ಶುದ್ಧ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ರೆ ತಾನಾಗಿ ಬಿಡ್ತಾವೆ, ಆಮೇಲೆ ಚಿತ್ರ ಮೇಲಾಗಿಟ್ಟು ನೆರಳಲ್ಲಿ ಒಣಗಿಸಿ.

ಫೈಲ್‌ಗಳಿಗೆ ತಾರೀಕು, ಯಾರು, ಎಲ್ಲಿ ಅಂತ ಹೆಸರಿಡಿ. ಮೂರು ಕಾಪಿ ಇರ್ಲಿ, ಒಂದು ಗೂಗಲ್ ಡ್ರೈವಲ್ಲಿ, ಒಂದು ಹಾರ್ಡ್ ಡಿಸ್ಕಲ್ಲಿ, ಇನ್ನೊಂದು ಡಿಸ್ಕ್ ಬೆಂಗಳೂರಲ್ಲೋ ಮೈಸೂರಲ್ಲೋ ಇರೋ ನೆಂಟರ ಮನೇಲಿ. ಗುಡ್ಡದ ಬುಡದಲ್ಲಿರೋ ಒಂದೇ ಮನೇಲಿ ಎಲ್ಲಾ ಇಡ್ಬೇಡಿ.

ಜಾಗದ ಅನುಮಾನ, ಮುಚ್ಚಿಟ್ಟ ಮಾತು

ಕೊಡಗಲ್ಲಿ ಯಾರಾದ್ರೂ ಹಳೇ ಕಾಗದ ಕೇಳಿದ್ರೆ ಜನರ ತಲೆಗೆ ಮೊದಲು ಬರೋದು "ಇವನಿಗೆ ಪಾಲು ಬೇಕಾ?" ಅಂತ. ತಪ್ಪು ತಿಳ್ಕೊಳ್ಬೇಡಿ, ಎಷ್ಟೋ ಮನೇಲಿ ಕೇಸು ನಡೀತಾ ಇರತ್ತೆ. ಹೋದ ಕೂಡ್ಲೆ ಹೇಳಿಬಿಡಿ, ನಂಗೆ ಜಾಗದ ವಿಷ್ಯ ಬೇಡ, ಹೆಸರು ಮತ್ತು ಕಥೆ ಸಾಕು ಅಂತ. ಬೇರೆಯವರ ಪತ್ರದ ಫೋಟೋ ತೆಗೀವಾಗ ಸರ್ವೆ ನಂಬರು, ವಿಸ್ತೀರ್ಣ ಮುಚ್ಚಿ ತೆಗೀರಿ, ಹಾಗೆ ಮುಚ್ಚೋದನ್ನ ಅವರ ಎದುರಲ್ಲೇ ಮಾಡಿ. ನನ್ನ ಚಿಕ್ಕಪ್ಪ ಒಂದೂವರೆ ವರ್ಷ ಬಾಯಿ ಬಿಡದವರು, ಇದನ್ನ ನೋಡಿದ್ಮೇಲೆ ತಾವೇ ಫೋನ್ ಮಾಡಿ ಕರೆದ್ರು.

ಮತ್ತೆ ಪ್ರತಿ ಮನೇಲೂ ಹೇಳದ ಮಾತು ಇರತ್ತೆ. ಜಾತಿ ಬಿಟ್ಟು ಮದುವೆಯಾದವರು, ಮತ ಬದಲಾಯಿಸಿದವರು, ಜೀವ ತಕ್ಕೊಂಡವರು, ಮನೆಯಿಂದ ಹೊರಗೆ ಹಾಕಿಸ್ಕೊಂಡವರು. ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳ್ತೀನಿ, ಅವರ ಹೆಸರು ಮರದಿಂದ ತೆಗೀಬೇಡಿ. ಕಾರಣ ಈಗ ಬರೀಬೇಕಾ ಬೇಡ್ವಾ ಅನ್ನೋದನ್ನ ಬದುಕಿರೋ ಹತ್ತಿರದವರನ್ನ ಕೇಳಿ ತೀರ್ಮಾನ ಮಾಡಿ, ಬೇಡ ಅಂದ್ರೆ ಆ ರೆಕಾರ್ಡಿಂಗ್ ಬೇರೆ ಇಟ್ಟು ಇಷ್ಟು ವರ್ಷ ತೆಗೀಬಾರ್ದು ಅಂತ ಬರ್ದಿಡಿ. ಯಾರದ್ದೋ ನೋವನ್ನ ಫ್ಯಾಮಿಲಿ ಗ್ರೂಪಿಗೆ ಹಾಕೋದು ಮಾತ್ರ ಬೇಡ.

ಪುಸ್ತಕ ಮಾಡಿ ಹಂಚೋದು

ಎಲ್ಲಾ ಸಿಕ್ಕಿದ ಮೇಲೆ ಬರೀತೀನಿ ಅಂತ ಕೂತ್ರೆ ಯಾವತ್ತೂ ಮುಗಿಯಲ್ಲ. 30 ಪುಟ ಆದ ಕೂಡ್ಲೆ ಡಿಟಿಪಿ ಮಾಡಿಸಿ, ಜೆರಾಕ್ಸ್ ತೆಗೆದು, ಸ್ಪೈರಲ್ ಬೈಂಡಿಂಗ್ ಹಾಕಿ, ಐನ್‌ಮನೇಲಿ ಎಲ್ಲರೂ ಸೇರೋ ದಿನ ಹಂಚಿ. ಬಲಗಡೆ ಪುಟ ಖಾಲಿ ಬಿಡಿ, ತಪ್ಪಿದ್ರೆ ಬರ್ದು ವಾಪಸ್ ಕೊಡಿ ಅಂತ ಹೇಳಿ. ನಾನು ಪುತ್ತರಿಗೆ (ಹೊಸ ಭತ್ತದ ಹಬ್ಬ) 25 ಪ್ರತಿ ಹಂಚಿದೆ, 11 ವಾಪಸ್ ಬಂದ್ವು, ಎಲ್ಲದ್ರಲ್ಲೂ ಕೈಬರಹದ ತಿದ್ದುಪಡಿ, ಒಂದ್ರಲ್ಲಿ ಅತ್ತೆಯೊಬ್ರು ಪೂರ್ತಿ ಒಂದು ಜೋಗುಳ ಬರ್ದಿದ್ರು. ಮಕ್ಕಳ ಕೈಯಲ್ಲಿ ಓದಿಸಿ, ಓದ್ತಾ ಓದ್ತಾ ಅವರು ಕೇಳೋ ಪ್ರಶ್ನೆ ನಮಗೆ ಹೊಳೆದೇ ಇರಲ್ಲ.

ನನ್ನ ಅಕ್ಕನ ಮಗಳು, ಏಳನೇ ಕ್ಲಾಸು, ಗಂಟೆ ಕಥೆ ಓದಿ ಕೇಳಿದ್ದು ಇಷ್ಟೇ, "ಬಟ್ಟೆ ಸುತ್ತಿದ್ದು ಯಾರು, ಅದು ಯಾರ ಬಟ್ಟೆ?" ಅಂತ. ಅಜ್ಜಿಗೆ ಈಗ 91, ಅವರ ಹತ್ರ ಹೋಗಿ ಕೇಳಿದೆ. "ಹೆಂಗಸರ ಸೀರೆ ಸೆರಗು ಹರ್ದು ಸುತ್ತಿದ್ದಂತೆ" ಅಂದ್ರು. ಯಾವ ಹೆಂಗಸು, ಹೆಸರೇನು ಅಂತ ಕೇಳಿದ್ರೆ ಅಜ್ಜಿಗೆ ನೆನಪಾಗ್ತಿಲ್ಲ, ಅವಳ ತವರು ಸಂಪಾಜೆ ಕೆಳಗೆ ಎಲ್ಲೋ ಅಂತ ಮಾತ್ರ ಗೊತ್ತು. ನಮ್ಮ ಮರದಲ್ಲಿ ಮೇಲಿಂದ ಎರಡನೇ ಸಾಲಲ್ಲಿ ಅವಳದ್ದೊಂದು ಚೌಕ ಹಾಕಿ ಖಾಲಿ ಬಿಟ್ಟಿದ್ದೀನಿ. ಆ ಕಡೆಯ ಒಂದು ಮನೇಲಿ ಹಳೇ ಓಲೆಗರಿ ಇದೆಯಂತೆ, ಬರೋ ಭಾನುವಾರ ಬನ್ನಿ ಅಂದಿದ್ದಾರೆ, ಅಕ್ಕನ ಮಗಳನ್ನೂ ಕರ್ಕೊಂಡು ಹೋಗ್ತಿದ್ದೀನಿ.